ಯಂತ್ರ ಬಂದ ಮೇಲಿನ ಕೆಲಸ: ಮಾಹಿತಿ ತಂತ್ರಜ್ಞಾನ ಶಿಕ್ಷಣ ಮತ್ತು ಗಡಿನಾಡಿನ ನಾಯಕತ್ವ

1. ವಿಷಯದ ನೆಲೆ

ಮಾಹಿತಿ ತಂತ್ರಜ್ಞಾನ ಶಿಕ್ಷಣಕ್ಕೆ ಮೂರು ಹಂತಗಳಿವೆ. ಕಂಪ್ಯೂಟರು, ಮೊಬೈಲು ಮತ್ತು ಅವುಗಳಲ್ಲಿನ ತಂತ್ರಾಂಶವನ್ನು ಬಳಸಲು ಕಲಿಯುವುದು ಮೊದಲನೆಯದು. ತಂತ್ರಾಂಶ ಬರೆಯಲು, ಜಾಲ ಕಟ್ಟಲು, ದತ್ತಾಂಶವನ್ನು ಕಾಪಾಡಲು ಕಲಿಯುವುದು ಎರಡನೆಯದು. ಯಂತ್ರ ಬಂದ ಮೇಲೆ ಕಚೇರಿಯ, ಶಾಲೆಯ, ಸಹಕಾರ ಸಂಘದ ಕೆಲಸವನ್ನು ಹೊಸದಾಗಿ ಹೊಂದಿಸಲು ಕಲಿಯುವುದು ಮೂರನೆಯದು. ಮೊದಲನೆಯದನ್ನು ತರಬೇತಿ ಕೇಂದ್ರಗಳೂ ಎರಡನೆಯದನ್ನು ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳೂ ಕಲಿಸುತ್ತವೆ. ಮೂರನೆಯದಕ್ಕೆ ಪಠ್ಯಕ್ರಮದಲ್ಲಿ ಸಿಕ್ಕಿರುವ ಜಾಗ ಕಡಿಮೆ. ಯಾವ ಕೆಲಸವನ್ನು ಯಾರು ಮಾಡಬೇಕು, ತಪ್ಪು ನಮೂದಾದರೆ ತಿದ್ದುವ ಅಧಿಕಾರ ಯಾರಿಗಿರಬೇಕು, ಎದುರಿಗೆ ನಿಂತವರಿಗೆ ಯಾರು ಉತ್ತರ ಹೇಳಬೇಕು ಎಂಬುದನ್ನು ತೀರ್ಮಾನಿಸುವ ವಿದ್ಯೆ ಅದು. ಬದಲಾಗುತ್ತಿರುವ ಕೆಲಸದ ಸ್ಥಳದಲ್ಲಿ ನಾಯಕತ್ವ ಎಂದರೆ ಮುಖ್ಯವಾಗಿ ಇದೇ.

ಈ ವಿದ್ಯೆ ದೊಡ್ಡ ಕಂಪನಿಗಳ ವ್ಯವಸ್ಥಾಪಕರಿಗೆ ಮಾತ್ರ ಬೇಕಾದದ್ದೆಂಬ ನಂಬಿಕೆ ಬಲವಾಗಿದೆ. ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಎಕಂಬಾದಂಥ ಗಡಿ ಹಳ್ಳಿಯಲ್ಲಿ ನಿಂತು ನೋಡಿದರೆ ಆ ನಂಬಿಕೆ ಉಳಿಯುವುದಿಲ್ಲ. ಪಂಚಾಯಿತಿ, ಅಂಗನವಾಡಿ, ಶಾಲೆ, ಉದ್ಯೋಗ ಖಾತ್ರಿಯ ಕಾಮಗಾರಿ, ಹೊಲದ ಬೆಳೆ ಸಮೀಕ್ಷೆ ಎಲ್ಲವೂ ಇಂದು ತೆರೆಯ ಮೇಲೆ ನಡೆಯುತ್ತಿವೆ. ಬದಲಾದ ಕೆಲಸವನ್ನು ನಡೆಸುವವರು ಇಲ್ಲಿಯೂ ಬೇಕು.

2. ಶಿಕ್ಷಣ ಇಲ್ಲಿ, ಕೆಲಸ ಅಲ್ಲಿ

ಬೀದರಿಗೆ ತಾಂತ್ರಿಕ ಶಿಕ್ಷಣ ತಡವಾಗಿ ಬಂದದ್ದೇನಲ್ಲ. ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಬೀದರಿನಲ್ಲಿ 1980ರಲ್ಲಿ ಆರಂಭವಾಯಿತು. ಇಂದು ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ಎನಿಸಿಕೊಂಡಿರುವ ಭಾಲ್ಕಿಯ ಕಾಲೇಜು ಕೂಡ ಅದೇ ದಶಕದ ಆರಂಭದ್ದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದದ್ದು 1985ರಲ್ಲಿ. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸ್ಥಾಪನೆಯಾದದ್ದು 1991ರಲ್ಲಿ. ಕರ್ನಾಟಕ ತನ್ನ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿದ್ದು 1997ರಲ್ಲಿ. ಉದ್ಯಮ ಬೇರೂರುವ ಹೊತ್ತಿಗೆ ಬೀದರಿನಲ್ಲಿ ಎಂಜಿನಿಯರುಗಳು ತಯಾರಾಗುತ್ತಿದ್ದರು. ಆದರೆ ಕೆಲಸ ಬೆಳೆದದ್ದು ಬೆಂಗಳೂರಿನಲ್ಲಿ, ಆಮೇಲೆ ಹೈದರಾಬಾದಿನಲ್ಲಿ. ಅಲ್ಲಿನ ಸೈಬರ್ ಟವರ್ಸ್ 1998ರಲ್ಲಿ ತೆರೆದುಕೊಂಡಿತು. ರಾಜ್ಯದ ರಾಜಧಾನಿಗಿಂತ ಹೈದರಾಬಾದೇ ಬೀದರಿಗೆ ಎಷ್ಟೋ ಹತ್ತಿರ. ಓದಿದವರು ಈ ಎರಡು ಊರುಗಳ ದಾರಿ ಹಿಡಿದರು.

ಅಸಮತೋಲನ ಲೆಕ್ಕಕ್ಕೂ ಸಿಕ್ಕಿದೆ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ಬೀದರ್ ಜಿಲ್ಲೆಯದು ಶೇ. 70.51. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ಬೀದರ್ ಸೇರಿದ ಈ ಭಾಗಕ್ಕೆ ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಮೀಸಲಾತಿ ಕೊಟ್ಟಿತು. ಇದರ ಒಂದು ಪರಿಣಾಮ ಗಮನಿಸಬೇಕಾದದ್ದು. ಈ ಭಾಗದ ಸರ್ಕಾರಿ ಕಚೇರಿಯಲ್ಲಿ ಈ ಭಾಗದಲ್ಲೇ ಓದಿದವರು ಕೂರುವ ಅವಕಾಶ ಹೆಚ್ಚಿತು. ತಾಂತ್ರಿಕ ಶಿಕ್ಷಣವನ್ನು ಊರು ಬಿಡುವ ದಾರಿಯೆಂದಷ್ಟೇ ಕಾಣದೆ, ಊರಿನ ಕಚೇರಿಗಳನ್ನು ನಡೆಸುವ ವಿದ್ಯೆಯೆಂದು ಕಾಣಲು ಇದು ಗಟ್ಟಿ ಕಾರಣ.

3. ಹಳ್ಳಿಯ ಕೆಲಸದ ಸ್ಥಳ

ಕಳೆದ ಎರಡೂವರೆ ದಶಕಗಳಲ್ಲಿ ಹಳ್ಳಿಯ ಆಡಳಿತದ ಕೆಲಸ ಒಂದೊಂದಾಗಿ ಯಂತ್ರಕ್ಕೆ ಏರಿತು. ಪಹಣಿ ಮೊದಲು ಹೋಯಿತು. ಜಾತಿ, ಆದಾಯ ಪ್ರಮಾಣಪತ್ರಗಳು ನೆಮ್ಮದಿ ಕೇಂದ್ರಕ್ಕೂ ಆಮೇಲೆ ಅಟಲ್‌ಜಿ ಜನಸ್ನೇಹಿ ಕೇಂದ್ರಕ್ಕೂ ಬಂದವು. 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಸಕಾಲ’ ಯೋಜನೆ ತನ್ನ ವ್ಯಾಪ್ತಿಯ ಪ್ರತಿ ಸೇವೆಗೂ ಗಡುವು ಗೊತ್ತುಮಾಡಿತು. ಪಂಚಾಯಿತಿಯ ಲೆಕ್ಕಪತ್ರ ಪಂಚತಂತ್ರ ತಂತ್ರಾಂಶಕ್ಕೆ ಬಂತು. ರೈತರ ಬೆಳೆಯನ್ನು ಹೊಲದಲ್ಲೇ ನಿಂತು, ಸರ್ವೆ ನಂಬರಿಗೆ ಹೊಂದಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ದಾಖಲಿಸುವ ಪದ್ಧತಿ ಬಂತು. ತೊಗರಿ, ಸೋಯಾ, ಉದ್ದು ಬೆಳೆಯುವ ಔರಾದಿನ ರೈತರಿಗೆ ಇದು ಸಣ್ಣ ವಿಷಯವಲ್ಲ. ದಾಖಲಾದ ಬೆಳೆಗೂ ಬಿತ್ತಿದ ಬೆಳೆಗೂ ತಾಳೆಯಾಗದಿದ್ದರೆ ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ ಮೂರಕ್ಕೂ ತೊಡಕು.

ಉದ್ಯೋಗ ಖಾತ್ರಿಯ ಹಾಜರಾತಿ ಇನ್ನೊಂದು ನಿದರ್ಶನ. ಕೂಲಿಕಾರರ ಗುಂಪನ್ನು ನೋಡಿಕೊಳ್ಳುವ ಮೇಟಿಗೆ ಕರ್ನಾಟಕದಲ್ಲಿ ಕಾಯಕ ಬಂಧು ಎಂಬ ಹೆಸರಿದೆ. ಮೊದಲು ಎನ್‌ಎಂಆರ್ ಎಂಬ ಹಾಜರಾತಿ ಹಾಳೆಯಲ್ಲಿ ಗುರುತು ಹಾಕಿದರೆ ಸಾಕಿತ್ತು. 2023ರ ಜನವರಿ 1ರಿಂದ ಕೇಂದ್ರ ಸರ್ಕಾರದ ಎನ್‌ಎಂಎಂಎಸ್ ಎಂಬ ಹಾಜರಾತಿ ಆ್ಯಪ್ ಕಡ್ಡಾಯವಾಯಿತು. ಕೆಲಸದ ಜಾಗದಿಂದಲೇ ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೋ ತೆಗೆದು ಏರಿಸಬೇಕಾಯಿತು. ಸಿಗ್ನಲ್ ಸಿಗದೆ ಫೋಟೋ ಏರದಿದ್ದರೆ ದುಡಿದವರ ಕೂಲಿಗೇ ಕುತ್ತು. ಗುಂಪನ್ನು ಸಂಭಾಳಿಸಬಲ್ಲ, ಒಂದಿಷ್ಟು ಅಕ್ಷರ ಬಲ್ಲ ವ್ಯಕ್ತಿ ಮಾಡುತ್ತಿದ್ದ ಕೆಲಸ ಒಮ್ಮೆಗೇ ದತ್ತಾಂಶದ ಕೆಲಸವಾಯಿತು. ಅಂಗನವಾಡಿಯಲ್ಲಿ ಮಕ್ಕಳ ತೂಕ, ಎತ್ತರ ಬರೆಯುತ್ತಿದ್ದ ಪುಸ್ತಕದ ಜಾಗಕ್ಕೆ 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. ಕಾಯಕ ಬಂಧುವನ್ನಾಗಲಿ ಅಂಗನವಾಡಿ ಕಾರ್ಯಕರ್ತೆಯನ್ನಾಗಲಿ ಯಾರೂ ಮಾಹಿತಿ ತಂತ್ರಜ್ಞಾನದ ನೌಕರರೆಂದು ಕರೆಯುವುದಿಲ್ಲ. ಆದರೂ ದೇಶದ ದತ್ತಾಂಶ ಹುಟ್ಟುವುದು ಅವರ ಕೈಯಲ್ಲಿ.

4. ‘ಭೂಮಿ’ ಕಲಿಸಿದ ಪಾಠ

ಯಂತ್ರದ ಜೊತೆಗೆ ಕೆಲಸವನ್ನೂ ಬದಲಾಯಿಸಿದ ಯೋಜನೆಗೆ ಕರ್ನಾಟಕದ ‘ಭೂಮಿ’ ಒಳ್ಳೆಯ ಉದಾಹರಣೆ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಮುಂದಾಳತ್ವ ವಹಿಸಿದ್ದರು. ದಾಖಲೆಗಳನ್ನು ಗಣಕೀಕರಿಸುವ ಪ್ರಯತ್ನ ಅದಕ್ಕೂ ಮೊದಲು ನಡೆದಿತ್ತು. ಆದರೆ ಕೈಬರಹದ ಪಹಣಿಯೂ ಚಾಲ್ತಿಯಲ್ಲಿದ್ದುದರಿಂದ ಕಂಪ್ಯೂಟರಿನ ಪ್ರತಿಗೆ ಬೆಲೆ ಬರಲಿಲ್ಲ.

‘ಭೂಮಿ’ಯಲ್ಲಿ ಕೈಗೊಂಡ ತೀರ್ಮಾನಗಳು ಬೇರೆ ಬಗೆಯವು. ಒಂದು ತಾಲ್ಲೂಕಿನ ದಾಖಲೆ ಸಿದ್ಧವಾದ ಕೂಡಲೇ ಅಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸಲಾಯಿತು. ಕೌಂಟರಿನಲ್ಲಿ ಕೂರಲು ಕಿರಿಯ ಗ್ರಾಮ ಲೆಕ್ಕಾಧಿಕಾರಿಗಳನ್ನು ಆರಿಸಿ ತರಬೇತಿ ಕೊಡಲಾಯಿತು. ನಮೂದು ಮಾಡಿದವರ ಬೆರಳಚ್ಚು ವ್ಯವಸ್ಥೆಯಲ್ಲಿ ಉಳಿಯುವಂತೆ ಮಾಡಿ ಪ್ರತಿ ಬದಲಾವಣೆಗೂ ಹೊಣೆಗಾರರನ್ನು ಗೊತ್ತುಪಡಿಸಲಾಯಿತು. ಖಾತಾ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗುವಂತೆ ತಂತ್ರಾಂಶ ಕಟ್ಟಿಹಾಕಿತು. ರೈತರ ಕಡೆಗೆ ಮುಖ ಮಾಡಿದ ಎರಡನೆಯ ತೆರೆಯನ್ನೂ ಇಡಲಾಯಿತು. 15 ರೂಪಾಯಿ ಕೊಟ್ಟವರಿಗೆ ಪಹಣಿ ಕೈಗೆ ಬರತೊಡಗಿತು.

ಇವುಗಳಲ್ಲಿ ತಂತ್ರಾಂಶ ಬರೆಯುವವರು ಒಬ್ಬರೇ ಕೂತು ಮಾಡಬಹುದಾದ ತೀರ್ಮಾನ ಒಂದೂ ಇಲ್ಲ. ಅಧಿಕಾರ ಯಾರಲ್ಲಿತ್ತು, ಅದು ಎಲ್ಲಿಗೆ ಸರಿಯಬೇಕು ಎಂದು ಬಲ್ಲವರು ಮಾಡಿದ ತೀರ್ಮಾನಗಳು ಇವು. ತಿದ್ದುಪಡಿಯ ವಿಳಂಬ, ಹಳೆಯ ದಾಖಲೆಯಲ್ಲಿದ್ದ ತಪ್ಪು ಹೊಸದಕ್ಕೂ ಬಂದು ಕೂರುವುದು ಮುಂತಾದ ತೊಡಕುಗಳು ಪೂರ್ತಿ ಹೋಗಲಿಲ್ಲ. ಆದರೂ ಯಂತ್ರ, ನಿಯಮ, ತರಬೇತಿ, ಹೊಣೆಗಾರಿಕೆ ನಾಲ್ಕೂ ಒಟ್ಟಿಗೆ ಬಂದರೆ ಕೆಲಸ ನಿಜವಾಗಿ ಬದಲಾಗುತ್ತದೆ ಎಂಬುದಕ್ಕೆ ‘ಭೂಮಿ’ ಸಾಕ್ಷಿ.

5. ಹೊರೆಯಾದ ತಂತ್ರಜ್ಞಾನ

ಅದೇ ಕಂದಾಯ ಇಲಾಖೆಯ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದಾದ್ಯಂತ ಮುಷ್ಕರ ಹೂಡಿದರು. ಹತ್ತಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡಬೇಕು, ಆದರೆ ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಇಂಟರ್‌ನೆಟ್ಟು ಕೊಟ್ಟಿಲ್ಲ ಎಂಬುದು ಅವರ ಮುಖ್ಯ ದೂರು. ಆ್ಯಪ್ ಬಳಸಲು ಬಾರದೆ ಹೂಡಿದ ಮುಷ್ಕರವಲ್ಲ ಅದು. ಪ್ರತಿ ಯೋಜನೆಯೂ ತನ್ನದೊಂದು ಆ್ಯಪ್ ತಂದಿತು, ಎಲ್ಲವೂ ಒಬ್ಬರದೇ ದಿನದೊಳಗೆ ಹೇಗೆ ಹಿಡಿಯಬೇಕೆಂದು ಲೆಕ್ಕ ಹಾಕುವ ಕೆಲಸ ಹಿಂದೆ ಬಿತ್ತು.

ಇದು ಕರ್ನಾಟಕಕ್ಕೆ ಮಾತ್ರ ಸೀಮಿತವಾದ ತೊಡಕಲ್ಲ. ಎರಿಕ್ ಟ್ರಿಸ್ಟ್ ಮತ್ತು ಸ್ವತಃ ಗಣಿ ಕಾರ್ಮಿಕರಾಗಿದ್ದ ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಸಣ್ಣ ಗುಂಪುಗಳು ಕೆಲಸವನ್ನು ತಾವೇ ಹಂಚಿಕೊಂಡು ದುಡಿಯುತ್ತಿದ್ದವು. ಹೊಸ ಯಂತ್ರಗಳು ಬಂದು ಕೆಲಸವನ್ನು ಪಾಳಿಗಳಾಗಿ ತುಂಡರಿಸಿದವು. ಗುಂಪು ಒಡೆಯಿತು, ಗೈರುಹಾಜರಿ ಹೆಚ್ಚಿತು, ನಿರೀಕ್ಷಿಸಿದ ಉತ್ಪಾದನೆ ಬರಲಿಲ್ಲ. ಯಂತ್ರದ ವ್ಯವಸ್ಥೆಯನ್ನೂ ಜನರ ವ್ಯವಸ್ಥೆಯನ್ನೂ ಒಟ್ಟಿಗೇ ರೂಪಿಸಬೇಕೆಂಬ ಚಿಂತನೆ ಅಲ್ಲಿಂದ ಬೆಳೆಯಿತು. ಕಾಯಕ ಬಂಧುವಿನ ಕೈಗೆ ಮೊಬೈಲು ಬಂದಾಗ ಗುಂಪಿನ ಕೆಲಸ ಹೇಗೆ ಬದಲಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳುವುದು ಇದೇ ಚಿಂತನೆಯ ಬಳಕೆ.

6. ಕಲಿಕೆಯ ಕೊರತೆಗಳು

ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಲುಪಿದ್ದು 2000ದ ನಂತರ, ‘ಮಾಹಿತಿ ಸಿಂಧು’ವಿನಂಥ ಯೋಜನೆಗಳ ಮೂಲಕ. ಯೋಜನೆಯ ಅವಧಿ ಮುಗಿದ ಮೇಲೆ ಬೋಧಕರು, ದುರಸ್ತಿ, ವಿದ್ಯುತ್ತು ಇವುಗಳ ಹೊಣೆ ಯಾರದೆಂದು ಗೊತ್ತುಮಾಡದ ಕಡೆ ಯಂತ್ರ ಕೋಣೆಯಲ್ಲೇ ಹಳತಾಗುತ್ತದೆ. ಸರ್ಕಾರಿ ನೌಕರರಿಗೆ 2012ರ ಕರ್ನಾಟಕ ಸಿವಿಲ್ ಸೇವೆಗಳ (ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ) ನಿಯಮಗಳು ಪರೀಕ್ಷೆಯನ್ನು ಕಡ್ಡಾಯ ಮಾಡಿದವು. ಅಗತ್ಯವಾದ ಹೆಜ್ಜೆಯೇ ಅದು. ಆದರೆ ಪರೀಕ್ಷೆ ಅಳೆಯುವುದು ಒಬ್ಬ ನೌಕರರ ಕೌಶಲವನ್ನು. ಕಚೇರಿ ಒಟ್ಟಾಗಿ ಎಷ್ಟು ಕಲಿತಿದೆ ಎಂಬುದನ್ನು ಅಳೆಯುವ ಪರೀಕ್ಷೆ ಅಲ್ಲ ಅದು.

ಭಾಷೆಯ ಪ್ರಶ್ನೆ ಔರಾದಿನಲ್ಲಿ ವಿಶೇಷವಾಗಿದೆ. ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳುತ್ತವೆ. ಮರಾಠಿ ಮಾಧ್ಯಮದಲ್ಲಿ ಓದಿದ ಹುಡುಗಿ ಕನ್ನಡದ ಕಡತ ಮತ್ತು ಇಂಗ್ಲಿಷಿನ ತೆರೆ ಎರಡನ್ನೂ ಎದುರಿಸಬೇಕು. ‘ನುಡಿ’, ‘ಬರಹ’ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ಪಳಗಿಸಿದವು. ಯೂನಿಕೋಡ್ ಬಂದ ಮೇಲೆ ಒಂದು ಯಂತ್ರದಲ್ಲಿ ಬರೆದ ಕನ್ನಡವನ್ನು ಇನ್ನೊಂದರಲ್ಲಿ ಓದಲು, ಹುಡುಕಲು ಸಾಧ್ಯವಾಯಿತು. ಯೂನಿಕೋಡಿನಲ್ಲಿ ಬರೆಯುವುದನ್ನು ಕಲಿಸದ ಕಂಪ್ಯೂಟರ್ ತರಗತಿ ಪಂಚಾಯಿತಿಯ ಕೆಲಸಕ್ಕೆ ಅರ್ಧವೇ ಉಪಯೋಗ. ಹಲವು ಭಾಷೆ ಬಲ್ಲ ಗಡಿಯ ಮಕ್ಕಳ ಶಕ್ತಿಯನ್ನು ಕೊರತೆಯೆಂದು ಎಣಿಸುವುದು ತಪ್ಪು. ಜನರಿಗೂ ಯಂತ್ರಕ್ಕೂ ನಡುವೆ ನಿಲ್ಲುವವರಿಗೆ ಅದೇ ದೊಡ್ಡ ಅರ್ಹತೆ.

ಇರುವ ಸೌಲಭ್ಯಕ್ಕೆ ತಕ್ಕಂತೆ ಕಲಿಕೆಯನ್ನು ಹೊಂದಿಸಲು ಸಾಧ್ಯವೆಂದು 2020ರ ‘ವಿದ್ಯಾಗಮ’ ತೋರಿಸಿತು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಯಾವ ಮನೆಯಲ್ಲಿ ಎಂಥ ಫೋನಿದೆ, ಎಲ್ಲಿ ಇಲ್ಲ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಲಾಯಿತು. ಶಿಕ್ಷಕರು ಊರುಗಳಿಗೇ ಹೋಗಿ ಗುಡಿಯ ಕಟ್ಟೆ, ಮರದ ನೆರಳಿನಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅದು ಕೆಲವೇ ತಿಂಗಳಲ್ಲಿ ನಿಂತಿತು. ಆದರೂ ಉಪಕರಣವಿಲ್ಲದವರನ್ನು ಮೊದಲು ಎಣಿಸಿಕೊಂಡು ಯೋಜನೆ ಮಾಡುವ ಅದರ ರೀತಿ ಇಂದಿಗೂ ಅನುಸರಿಸತಕ್ಕದ್ದು.

7. ಮುಂದಾಳು ಮಾಡಬೇಕಾದದ್ದು

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಮುಖ್ಯ ಶಿಕ್ಷಕ, ಸಹಕಾರ ಸಂಘದ ಕಾರ್ಯದರ್ಶಿ, ಸ್ವಸಹಾಯ ಗುಂಪಿನ ಅಧ್ಯಕ್ಷೆ ಇವರೆಲ್ಲ ಸಣ್ಣ ಕೆಲಸದ ಸ್ಥಳಗಳ ನಾಯಕರು. ಹೊಸ ತಂತ್ರಾಂಶ ಬಂದಾಗ ಇವರ ಮೇಲೆ ಬೀಳುವ ಕೆಲಸಗಳನ್ನು ಐದಾಗಿ ಗುರುತಿಸಬಹುದು.

ಮೊದಲನೆಯದು, ಹಳೆಯ ಹೊರೆ ಇಳಿಸುವುದು. ಆ್ಯಪ್ ಬಂದ ಮೇಲೂ ಅದೇ ಮಾಹಿತಿಯನ್ನು ಪುಸ್ತಕದಲ್ಲಿ ಬರೆಸಿದರೆ ಕೆಲಸ ಇಮ್ಮಡಿಯಾಗುತ್ತದೆ. ಎರಡನೆಯದು, ಕಲಿಯಲು ಸಮಯ ಕೊಡುವುದು. ಒಂದು ದಿನದ ತರಬೇತಿ ಮುಗಿಸಿ ಮರುದಿನವೇ ಗುರಿ ಕೇಳಿದರೆ ಕಲಿತದ್ದು ನಿಲ್ಲುವುದಿಲ್ಲ. ಬಲ್ಲ ಸಹೋದ್ಯೋಗಿಯ ಪಕ್ಕದಲ್ಲಿ ಕೂತು ಕೆಲವು ವಾರ ಮಾಡಿದ್ದು ಉಳಿಯುತ್ತದೆ. ಮೂರನೆಯದು, ತಪ್ಪು ತಿದ್ದುವ ದಾರಿಯನ್ನು ಹತ್ತಿರದಲ್ಲಿಡುವುದು. ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಪಿಂಚಣಿ ನಿಂತ ವೃದ್ಧೆಯನ್ನು ತಾಲ್ಲೂಕು ಕೇಂದ್ರಕ್ಕೆ ಅಲೆಸುವ ವ್ಯವಸ್ಥೆ ಎಷ್ಟು ವೇಗದ್ದಾದರೂ ಅನ್ಯಾಯದ್ದೇ.

ನಾಲ್ಕನೆಯದು, ಜನರ ಮಾಹಿತಿಯನ್ನು ಕಾಯುವುದು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮಕ್ಕಳ ಆರೋಗ್ಯದ ವಿವರ ಎಲ್ಲವೂ ಪಂಚಾಯಿತಿ ಮಟ್ಟದಲ್ಲಿ ದಾಖಲಾಗುತ್ತವೆ. ಒಬ್ಬರ ಪಾಸ್‌ವರ್ಡನ್ನು ಇಡೀ ಕಚೇರಿ ಬಳಸುವ ರೂಢಿ ಅಪಾಯಕಾರಿ. ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾನೂನನ್ನೇ ಮಾಡಿದೆ. ಐದನೆಯದು, ಕೆಳಗಿನ ಅನುಭವವನ್ನು ಮೇಲಕ್ಕೆ ಮುಟ್ಟಿಸುವುದು. ಸಿಗ್ನಲ್ ಸಿಗದ ಜಾಗ ಯಾವುದು, ಯಾವ ನಮೂನೆ ಹೊಲದ ವಾಸ್ತವಕ್ಕೆ ಹೊಂದುವುದಿಲ್ಲ ಎಂದು ಬಲ್ಲವರು ಕಾಯಕ ಬಂಧು, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಆಡಳಿತ ಅಧಿಕಾರಿ. ಅವರ ಮಾತು ತಂತ್ರಾಂಶ ರೂಪಿಸುವವರಿಗೆ ತಲುಪಿದರೆ ಮುಂದಿನ ಆವೃತ್ತಿ ಸುಧಾರಿಸುತ್ತದೆ.

8. ಕೃತಕ ಬುದ್ಧಿಮತ್ತೆಯ ಹೊತ್ತು

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾದ ಮೇಲೆ ಪತ್ರ ಬರೆಯುವ, ಸಾರಾಂಶ ಮಾಡುವ, ಪ್ರೋಗ್ರಾಂ ಬರೆಯುವ ಕೆಲಸದ ಒಂದು ಪಾಲು ಯಂತ್ರದ್ದಾಗಿದೆ. ಅದೇ ವರ್ಷ ಕೇಂದ್ರ ಸರ್ಕಾರ ಆರಂಭಿಸಿದ ‘ಭಾಷಿಣಿ’ ಭಾರತೀಯ ಭಾಷೆಗಳ ನಡುವೆ ಮಾತು, ಬರಹ ಎರಡನ್ನೂ ಅನುವಾದಿಸುವ ಗುರಿಯದು. ಬಹುಭಾಷೆಯ ಬೀದರಿಗೆ ಇದರಿಂದ ಲಾಭವಿದೆ. ಮರಾಠಿಯಲ್ಲಿ ಹೇಳಿದ ಅಹವಾಲು ಕನ್ನಡದ ಅರ್ಜಿಯಾಗಬಲ್ಲದು. ಆದರೆ ಯಂತ್ರ ತಪ್ಪನ್ನೂ ಅಷ್ಟೇ ನಿರರ್ಗಳವಾಗಿ ಬರೆಯುತ್ತದೆ. ಬರೆದದ್ದನ್ನು ಓದಿ, ಸರಿ ನೋಡಿ, ರುಜು ಹಾಕಿ ಹೊಣೆ ಹೊರಬೇಕಾದದ್ದು ಮನುಷ್ಯರೇ. ಆದ್ದರಿಂದ ಬರೀ ನಮೂದಿಸುವ ಕೌಶಲದ ಬೆಲೆ ಇಳಿಯುತ್ತದೆ, ಪರಿಶೀಲಿಸುವ ಮತ್ತು ತೀರ್ಮಾನಿಸುವ ಸಾಮರ್ಥ್ಯದ ಬೆಲೆ ಏರುತ್ತದೆ.

9. ಆಗಬೇಕಾದದ್ದು

ಜಿಲ್ಲೆಯ ತಾಂತ್ರಿಕ ಕಾಲೇಜುಗಳು ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಒಂದು ಪಾಲನ್ನು ಸುತ್ತಲಿನ ಪಂಚಾಯಿತಿ, ಶಾಲೆ, ಸಹಕಾರ ಸಂಘಗಳ ನಿಜವಾದ ತೊಡಕುಗಳಿಗೆ ಮೀಸಲಿಡಬೇಕು. ತಂತ್ರಾಂಶ ಎಷ್ಟು ಚೆನ್ನಾಗಿದೆ ಎಂಬುದರ ಜೊತೆಗೆ ಅದನ್ನು ಬಳಸಿದ ಕಚೇರಿಯ ಕೆಲಸ ಎಷ್ಟು ಹಗುರವಾಯಿತು ಎಂಬುದಕ್ಕೂ ಅಂಕ ಸಿಗಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆನಿಸಿವೆ. ಕಾಯಕ ಬಂಧುಗಳಿಗೂ ಸ್ವಸಹಾಯ ಗುಂಪುಗಳ ಮಹಿಳೆಯರಿಗೂ ಅವರ ಅನುಕೂಲದ ಹೊತ್ತಿನಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಕಲಿಸಲು ಅವೇ ತಕ್ಕ ಜಾಗ. ಇಲಾಖೆಗಳು ಹೊಸ ಆ್ಯಪ್ ತರುವ ಮೊದಲು ಅದು ಯಾವ ಹಳೆಯ ಕೆಲಸವನ್ನು ತೆಗೆಯುತ್ತದೆ, ಅದಕ್ಕೆ ಬೇಕಾದ ಉಪಕರಣ ಯಾರು ಕೊಡುತ್ತಾರೆ ಎಂದು ಲಿಖಿತವಾಗಿ ಹೇಳಬೇಕು. ಈ ಮೂರೂ ಕೂಡಿಬಂದರೆ ಔರಾದ್, ಭಾಲ್ಕಿ, ಬೀದರಿನಲ್ಲಿ ಓದಿದ ಯುವಜನರಿಗೆ ಹೈದರಾಬಾದು, ಬೆಂಗಳೂರಿನ ದಾರಿ ತೆರೆದೇ ಇರುತ್ತದೆ, ಊರಿನಲ್ಲೇ ನಿಂತು ಕೆಲಸ ನಡೆಸುವ ದಾರಿಯೂ ಗೌರವದ್ದಾಗುತ್ತದೆ.