ಇಳಿಯುವ ಮೊದಲೇ ಗೇರು
ಲಾರಿ ನಡೆಸುವವರು ಇಲ್ಲಿ ಬಹಳ ಮಂದಿ ಕುಳಿತಿದ್ದೀರಿ. ನಿಮಗೊಂದು ಮಾತು ಹೇಳಬಯಸುತ್ತೇವೆ. ತುಂಬಿದ ಲಾರಿ ಒಮ್ಮೆಲೇ ಓಡದು. ಬ್ರೇಕಿಗೆ ಗಾಳಿ ತುಂಬುವ ತನಕ ಕಾಯಬೇಕು. ಕ್ಲಚ್ ಒತ್ತಿ, ಮೊದಲ ಗೇರು ಹಾಕಿ, ಕಾಲನ್ನು ಮೆಲ್ಲಗೆ ಬಿಡಬೇಕು. ಹತ್ತುವಾಗ ಅವಸರಪಟ್ಟರೆ ಎಂಜಿನ್ ನಿಂತೀತು, ಅಷ್ಟೇ. ಇಳಿಯುವಾಗ ಹಾಗಲ್ಲ.

ಶಿರಾಡಿ ಘಾಟಿಯಂಥಲ್ಲಿ ಡೀಸೆಲ್ ಉಳಿಯಲೆಂದು ನ್ಯೂಟ್ರಲ್ ಮಾಡುವವರುಂಟು. ಆಗ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಸೋಲುತ್ತದೆ. ಆಮೇಲೆ ಸಣ್ಣ ಗೇರು ಹಾಕಹೋದರೆ ಅದು ಬೀಳುವುದಿಲ್ಲ. ನಿಜ ನೋಡಿದರೆ, ಗೇರಿನಲ್ಲೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಡೀಸೆಲ್ ಉಳಿಯುತ್ತದೆ.

ಆದ್ದರಿಂದ ಇಳಿಜಾರಿಗೆ ಮುಂಚೆಯೇ ಸಣ್ಣ ಗೇರಿಗೆ ಬನ್ನಿ. ಮನೆಯಲ್ಲಿ ನಿಮಗಾಗಿ ಕಾಯುವವರಿದ್ದಾರೆ. ಕೆಳಗಿನ ತಿರುವಿನಲ್ಲಿ ಬರುತ್ತಿರುವವರಿಗೂ ಮನೆಯುಂಟು.