ಓದಿದ ಸುದ್ದಿ, ಓದದ ತಿದ್ದುಪಡಿ



ಮೊನ್ನೆ ಡೊಂಬಿವಿಲಿಯಿಂದ ಒಬ್ಬ ಅಮ್ಮ ಫೋನ್ ಮಾಡಿದ್ದರು. ಮೂಲತಃ ಕುಂದಾಪುರದ ಕಡೆಯವರು. ಹಾಡು ಕೇಳುವುದಕ್ಕೆ ಮಾಡಿದ್ದಾರೆ ಅಂದುಕೊಂಡೆ. ಹಾಡನ್ನೂ ಕೇಳಿದರು ಅನ್ನಿ, ಆದರೆ ವಿಷಯ ಬೇರೆಯೇ ಇತ್ತು. ಕಂಪ್ಯೂಟರ್ ಕೆಲಸದಲ್ಲಿರುವ ಅವರ ಮಗ ಗೋವಾದ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದಾನಂತೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೈಕಲ್ ಹೊಡೆಯುತ್ತಾನೆ, ಭಾನುವಾರ ಈಜುತ್ತಾನೆ, ಮನೆಯಲ್ಲಿ ಅನ್ನ ಬಿಟ್ಟಿದ್ದಾನೆ. ಅಮ್ಮನಿಗೆ ಎರಡು ಪ್ರಶ್ನೆ.

ಒಂದು: "ಮಗಾ, ಫ್ರಾನ್ಸಿನಲ್ಲಿ ಹೊಳೆಯಲ್ಲಿ ಈಜಿ ಒಬ್ಬಳು ಹುಡುಗಿ ಆಸ್ಪತ್ರೆ ಸೇರಿದಳು ಅಂತ ನೀನೇ ರೇಡಿಯೋದಲ್ಲಿ ಹೇಳಿದ್ದಲ್ವಾ? ಇವನಿಗೂ ಹಾಗೇ ಆದರೆ?" ಎರಡು: ಜಿಮ್ಮಿನ ಗೆಳೆಯನೊಬ್ಬ ಮಗನಿಗೆ ಒಂದು ಡಬ್ಬಿ ಪುಡಿ ತಂದುಕೊಟ್ಟಿದ್ದಾನೆ. "ಬರೀ ಗಿಡಮೂಲಿಕೆಯಂತೆ. ಅದಕ್ಕೇನೂ ತೊಂದರೆ ಇಲ್ಲ ಅಲ್ವಾ?"

ಮೊದಲನೆಯದಕ್ಕೆ ಉತ್ತರ ಹೇಳುವಾಗ ನನಗೆ ನಾಚಿಕೆಯಾಯಿತು. ಹೌದು, 2024ರ ಆಗಸ್ಟ್‌ನಲ್ಲಿ ಈ ಮೈಕಿನ ಮುಂದೆ ಕೂತು ಆ ಸುದ್ದಿಯನ್ನು ಓದಿದವಳು ನಾನೇ. ಪ್ಯಾರಿಸ್ ಒಲಿಂಪಿಕ್ಸ್‌ನ ಟ್ರಯಥ್ಲಾನ್. ಅಂದರೆ ಒಂದೂವರೆ ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ, ಮೂರೂ ಒಂದರ ಬೆನ್ನಿಗೆ ಒಂದು. ಈಜು ಸೆನ್ ನದಿಯಲ್ಲಿ. 1923ರಿಂದ ಜನ ಈಜುವುದಕ್ಕೇ ನಿಷೇಧವಿದ್ದ ನದಿ ಅದು. ಕ್ರೀಡಾಕೂಟಕ್ಕೆಂದು 140 ಕೋಟಿ ಯೂರೋದಷ್ಟು ಖರ್ಚು ಮಾಡಿ ಶುಚಿ ಮಾಡಿದ್ದರು. ಆದರೆ ಉದ್ಘಾಟನೆಯ ದಿನವೇ ಮಳೆ ಸುರಿಯಿತು. ದೊಡ್ಡ ಊರಿನಲ್ಲಿ ಮಳೆ ಬಂದರೆ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಎಂದು ಮುಂಬೈಯವರಿಗೆ ನಾನು ಹೇಳಬೇಕಾಗಿಲ್ಲ. ಅಭ್ಯಾಸದ ಈಜು ರದ್ದಾಯಿತು. ಜುಲೈ 30ರ ಗಂಡಸರ ಸ್ಪರ್ಧೆ ಮರುದಿನಕ್ಕೆ ಹೋಯಿತು. ನೀರಿನ ಪರೀಕ್ಷೆಯಲ್ಲೂ ಒಂದು ತೊಡಕಿದೆ. ಮಾದರಿಯನ್ನು ಪ್ರಯೋಗಾಲಯದಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುವುದನ್ನು ಕಾಯಬೇಕು, ಅದಕ್ಕೆ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಹಾಗಾಗಿ ಕೈಗೆ ಸಿಗುವ ಫಲಿತಾಂಶ ನಿನ್ನೆಯ ನೀರಿನದು. ಈಜಬೇಕಾದದ್ದು ಇಂದಿನ ನೀರಿನಲ್ಲಿ.

ಕೊನೆಗೆ ಜುಲೈ 31ರಂದು ಸ್ಪರ್ಧೆ ನಡೆಯಿತು. ಆಗಸ್ಟ್ 4ರಂದು ಬೆಲ್ಜಿಯಂ ತಂಡ ಮಾರನೆಯ ದಿನದ ಮಿಶ್ರ ರಿಲೇಯಿಂದ ಹಿಂದೆ ಸರಿಯಿತು. ಅವರ ಕ್ಲೇರ್ ಮಿಶೆಲ್ ಕಾಯಿಲೆ ಬಿದ್ದಿದ್ದಾರೆ ಎಂದಷ್ಟೇ ಅಲ್ಲಿನ ಒಲಿಂಪಿಕ್ ಸಮಿತಿ ಹೇಳಿತು. ಆದರೆ ಪತ್ರಿಕೆಗಳು ಅಷ್ಟಕ್ಕೇ ನಿಲ್ಲಲಿಲ್ಲ. ಸೆನ್ ನದಿಯ ಇ-ಕೊಲಿ ಬ್ಯಾಕ್ಟೀರಿಯಾ ತಗುಲಿದೆ, ನಾಲ್ಕು ದಿನದಿಂದ ಆಸ್ಪತ್ರೆಯಲ್ಲಿದ್ದಾರೆ ಎಂದು ಬರೆದವು. ಜಗತ್ತೆಲ್ಲ ಅದನ್ನೇ ಓದಿತು, ನಾನೂ ಓದಿದೆ.

ಒಂದೆರಡು ದಿನದಲ್ಲಿ ಮಿಶೆಲ್ ತಾವೇ ಬರೆದರು. ಮೂರು ದಿನ ವಾಂತಿಭೇದಿಯಾಗಿತ್ತು, ಭಾನುವಾರ ಕ್ರೀಡಾಗ್ರಾಮದ ಚಿಕಿತ್ಸಾಲಯಕ್ಕೆ ಕರೆದೊಯ್ದರು, ರಕ್ತ ಪರೀಕ್ಷೆಯಲ್ಲಿ ಕಂಡದ್ದು ಒಂದು ವೈರಸ್, ಇ-ಕೊಲಿ ಅಲ್ಲ ಎಂದು. ಆ ತಿದ್ದುಪಡಿ ನನ್ನ ಕಣ್ಣಿಗೂ ಬಿದ್ದಿತ್ತು. ಆದರೆ ಅಷ್ಟು ಹೊತ್ತಿಗೆ ಬೇರೆ ಪದಕಗಳ ಸುದ್ದಿ ಬಂದಿತ್ತು, ನಮಗಿರುವುದೋ ಅರ್ಧ ಗಂಟೆ. ಓದಲಿಲ್ಲ. ಇಷ್ಟು ಕಾಲವಾದ ಮೇಲೂ ಡೊಂಬಿವಿಲಿಯ ಒಂದು ಅಡುಗೆಮನೆಯಲ್ಲಿ ನನ್ನ ಮೊದಲ ಸುದ್ದಿಯೇ ಉಳಿದುಕೊಂಡಿದೆ.

ನದಿ ಶುದ್ಧವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ವಾರದಲ್ಲಿ ಎಷ್ಟೋ ದಿನ ಅಳತೆ ಮಿತಿಗಿಂತ ಮೇಲೇ ಇತ್ತು, ಅದಕ್ಕೇ ಅಭ್ಯಾಸ ನಿಂತದ್ದು. ಆದರೆ ಯೋಚಿಸಿ ನೋಡಿ. ರಿಲೇಯಲ್ಲಿ ಒಂದೊಂದು ತಂಡಕ್ಕೆ ನಾಲ್ಕು ಜನ, ಇಬ್ಬರು ಗಂಡಸರು, ಇಬ್ಬರು ಹೆಂಗಸರು. ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಅದೇ ನೀರಿಗೆ ಧುಮುಕುವ ಹಿಂದಿನ ಸಂಜೆ ಈ ಸುದ್ದಿ ಓದುತ್ತಾರೆ. ಧುಮುಕಿದ ಮೇಲೆ ಬಾಯಿ ಮುಚ್ಚಿಕೊಂಡು ಈಜಲಾಗುತ್ತದೆಯೇ? ಭಯಕ್ಕೆ ಜತೆಯಾಗಿ ಮನೆಮದ್ದೂ ಹುಟ್ಟಿಕೊಳ್ಳುತ್ತದೆ. ಹೊಳೆಯಲ್ಲಿ ಈಜಿದ ಮೇಲೆ ಒಂದು ಡಬ್ಬಿ ಕೋಲಾ ಕುಡಿದರೆ ಹೊಟ್ಟೆಯ ಕ್ರಿಮಿಗಳು ಸಾಯುತ್ತವೆ ಎಂಬ ನಂಬಿಕೆ ದೊಡ್ಡ ದೊಡ್ಡ ಈಜುಗಾರರಲ್ಲೂ ಇದೆ. ನಮ್ಮ ಜಠರದ ಆಮ್ಲವೇ ಕಡಿಮೆ ಹುಳಿಯದಲ್ಲ. ಅದಕ್ಕೆ ಜಗ್ಗದ ಕ್ರಿಮಿ ಕೋಲಾಕ್ಕೆ ಹೆದರೀತೇ?

ಇನ್ನು ಎರಡನೆಯ ಪ್ರಶ್ನೆ, ಆ ಡಬ್ಬಿಯದು. ನನ್ನ ಮಟ್ಟಿಗೆ ಇದು ನದಿಗಿಂತ ದೊಡ್ಡ ವಿಷಯ.

ಟ್ರಯಥ್ಲಾನ್ ಮಾಡುವವರಿಗೆ ಬೆವರಿನಲ್ಲಿ ಉಪ್ಪು ಹೋಗುತ್ತದೆ, ಹಾಗಾಗಿ ದಾರಿಯಲ್ಲಿ ಉಪ್ಪಿನ ಗುಳಿಗೆ ನುಂಗುವುದು ವಾಡಿಕೆ. 2016ರಲ್ಲಿ ಅಮೆರಿಕದ ಒಬ್ಬ ವೃತ್ತಿಪರ ಟ್ರಯಥ್ಲಾನ್ ಸ್ಪರ್ಧಿಯ ಮೂತ್ರದಲ್ಲಿ ಆಸ್ಟರಿನ್ ಎಂಬ ನಿಷೇಧಿತ ವಸ್ತು ಸಿಕ್ಕಿತು. ಸ್ನಾಯು ಬೆಳೆಸಿಕೊಳ್ಳಲು ಕಳ್ಳದಾರಿಯಲ್ಲಿ ಬಳಸುವ ರಾಸಾಯನಿಕ ಅದು. ಹುಡುಕುತ್ತಾ ಹೋದರೆ ಅದು ಬಂದದ್ದು ಉಪ್ಪಿನ ಗುಳಿಗೆಯಿಂದ! ಲೇಬಲ್ಲಿನಲ್ಲಿ ಅದರ ಸುಳಿವೇ ಇರಲಿಲ್ಲ, ಪ್ರಯೋಗಾಲಯದಲ್ಲಿ ಖಚಿತವಾಯಿತು. ಆದರೂ ಆರು ತಿಂಗಳು ನಿಷೇಧ. ಉಪ್ಪಿಗೇ ಹೀಗಾದರೆ ಹೆಸರಿಲ್ಲದ ಪುಡಿಗಳ ಗತಿ ಏನು?

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಕೇಳುಗರಲ್ಲಿ ಉಡುಪಿ, ಕುಂದಾಪುರದವರು ಬಹಳ ಜನ ಇದ್ದೀರಿ. ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರನ್ನು ಮರೆತಿರಲಾರಿರಿ. ಅವರದು ಟ್ರಯಥ್ಲಾನ್ ಅಲ್ಲ, ಓಟ, ಆದರೆ ನಿಯಮ ಒಂದೇ. 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇ ಚಿನ್ನ, ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲೂ ಚಿನ್ನ. ಮಾರನೆಯ ವರ್ಷವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅವರ ಜತೆ ಇನ್ನೂ ಕೆಲವು ಓಟಗಾರ್ತಿಯರು. ಕೋಚ್ ಕೊಟ್ಟ ಜಿನ್‌ಸೆಂಗ್ ಗುಳಿಗೆಯಿಂದ ಬಂದಿರಬೇಕು, ನಮಗೆ ಗೊತ್ತಿರಲಿಲ್ಲ ಎಂದು ಅವರು ಹೇಳಿದರು. ಜಿನ್‌ಸೆಂಗ್ ಅಂದರೆ ಒಂದು ಬೇರು, ಗಿಡಮೂಲಿಕೆ. ಉಕ್ರೇನಿನ ಆ ಕೋಚ್ ಕೆಲಸ ಕಳೆದುಕೊಂಡರು. ನಾಡಾ ಸಮಿತಿ ಓಟಗಾರ್ತಿಯರಿಗೆ ಒಂದು ವರ್ಷ ನಿಷೇಧ ಹಾಕಿತು. ಅದು ಸಾಲದು ಎಂದು ಪ್ರಕರಣ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋಗಿ, 2012ರ ಜುಲೈನಲ್ಲಿ ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ತಪ್ಪಿಹೋಯಿತು.

ಆಗ ನಾನು ಬಿ.ಎ. ಮುಗಿಸಿದ ಹೊಸತು. ನಮ್ಮ ಮನೆಯಲ್ಲಿ ಎರಡು ಪಕ್ಷವಾಗಿತ್ತು. "ಪಾಪದ ಹುಡುಗಿ, ಕೋಚ್ ಕೊಟ್ಟದ್ದನ್ನು ತಿಂದಳು, ಅವಳದೇನು ತಪ್ಪು?" ಎಂದು ಅಮ್ಮ. ನನಗೂ ಹಾಗೇ ಅನ್ನಿಸಿತ್ತು. ಅಪ್ಪ ಮಾತ್ರ, "ನಾಲ್ಕನೆಯವಳಾಗಿ ಬಂದ ಹುಡುಗಿಯನ್ನು ಯಾರಾದರೂ ಕೇಳಿದ್ದೀರಾ?" ಅಂದರು. ಆ ಮಾತಿಗೆ ನನ್ನ ಬಳಿ ಇವತ್ತಿಗೂ ಉತ್ತರ ಇಲ್ಲ. ಗೊತ್ತಿದ್ದು ತಿಂದರೂ ಗೊತ್ತಿಲ್ಲದೆ ತಿಂದರೂ ಮದ್ದು ಕಾಲಿಗೆ ಕೊಡುವ ಬಲ ಅಷ್ಟೇ. ಏನನ್ನೂ ಮುಟ್ಟದೆ ಓಡಿದವಳಿಗೆ ಆಗುವ ನಷ್ಟವೂ ಅಷ್ಟೇ. ದೇಹದೊಳಗೆ ಏನು ಸಿಕ್ಕಿದರೂ ಮೊದಲು ಕ್ರೀಡಾಪಟುವೇ ಹೊಣೆ ಎಂದು ನಿಯಮ ಇರುವುದು ಅದಕ್ಕೇ. ಗೊತ್ತಿರಲಿಲ್ಲ ಎಂದು ತೋರಿಸಿಕೊಟ್ಟರೆ ಶಿಕ್ಷೆ ಕಡಿಮೆಯಾದೀತು, ಪೂರ್ತಿ ಬಿಡುಗಡೆ ಬಲು ಅಪರೂಪ. ಆದರೆ "ಬರೀ ಬೇರು, ಏನೂ ಆಗುವುದಿಲ್ಲ" ಎಂದು ಮೊದಲು ಹೇಳಿದವರು ಇರುತ್ತಾರಲ್ಲ, ಅವರನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಗೋವಾದ ಸ್ಪರ್ಧೆ 2019ರಲ್ಲಿ ಮೀರಾಮಾರ್ ಕಡಲತೀರದಲ್ಲಿ ಶುರುವಾದದ್ದು. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಮೇಲೆ 21 ಕಿಲೋಮೀಟರ್ ಓಟ. ಪಾಲ್ಗೊಳ್ಳುವವರಲ್ಲಿ ಹೆಚ್ಚಿನವರು ಈ ಅಮ್ಮನ ಮಗನ ಹಾಗೆ ಕಚೇರಿ ಕೆಲಸದವರು. "ನಮಗೇನು ಪದಕ ಬರುತ್ತದೆಯೇ" ಎನ್ನಬೇಡಿ. ವಯೋಮಾನದ ವಿಭಾಗದವರಿಗೂ ಮದ್ದಿನ ನಿಯಮ ಅನ್ವಯಿಸುತ್ತದೆ. ನಿಷೇಧಿತ ವಸ್ತುಗಳ ಪಟ್ಟಿ ಪ್ರತಿ ಜನವರಿ 1ರಂದು ಹೊಸದಾಗುತ್ತದೆ, ಆದ್ದರಿಂದ ಗೆಳೆಯನ ಎರಡು ವರ್ಷ ಹಿಂದಿನ ಅನುಭವ ಲೆಕ್ಕಕ್ಕಿಲ್ಲ. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಕೂಡ ಸ್ಪರ್ಧೆಯ ದಿನ ಒಂದು ಮಿತಿ ದಾಟಿದರೆ ನಿಷೇಧಿತವೇ. ಔಷಧಿಯ ಹೆಸರು ಹಾಕಿ ನೋಡಲು ನಾಡಾದ 'ನೋ ಯುವರ್ ಮೆಡಿಸಿನ್' ಎಂಬ ಆ್ಯಪ್ ಇದೆ. ಆದರೆ ಅದು ಔಷಧಿಗೆ. ಜಿಮ್ಮಿನ ಪುಡಿಯ ಡಬ್ಬಿಯೊಳಗೆ ನಿಜವಾಗಿ ಏನಿದೆ ಎಂದು ಯಾವ ಆ್ಯಪೂ ಹೇಳಲಾರದು.

ಇದನ್ನೆಲ್ಲ ವಿಚಾರಿಸಿಕೊಂಡು ಆ ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಮೊದಲು ಬೆಲ್ಜಿಯಂ ಹುಡುಗಿಯ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಗಿತ್ತು ಎಂದೆ. ಆಮೇಲೆ, "ಅಮ್ಮಾ, ಡಬ್ಬಿಯ ಮೇಲೆ ಏನು ಬರೆದಿದೆ, ಓದಿ" ಎಂದೆ. ಕನ್ನಡಕ ಹುಡುಕಿ ಬಂದು ಒಂದೊಂದೇ ಅಕ್ಷರ ಕೂಡಿಸಿ, "ಪ್ರೊಪ್ರೈಟರಿ ಬ್ಲೆಂಡ್" ಎಂದು ಓದಿದರು. "ಹಾಗಂದ್ರೆ ಎಂತ ಮಗಾ?"

"ಒಳಗೆ ಎಂತೆಂತದು ಎಷ್ಟೆಷ್ಟು ಹಾಕಿದ್ದೇವೆ ಅಂತ ಹೇಳುವುದಿಲ್ಲ ಅಂತ ಅರ್ಥ ಅಮ್ಮಾ."

ಸ್ವಲ್ಪ ಹೊತ್ತು ಮಾತಿಲ್ಲ. ನಿನ್ನೆ ಅವರೇ ಫೋನ್ ಮಾಡಿದ್ದರು. ಡಬ್ಬಿ ಈಗ ಕುಚ್ಚಲಕ್ಕಿ ಡಬ್ಬದ ಹಿಂದೆ ಇದೆಯಂತೆ, ಮಗ ಹುಡುಕುತ್ತಿದ್ದಾನಂತೆ. ರಾತ್ರಿ ಅವನು ಬಂದ ಮೇಲೆ ಇಬ್ಬರೂ ಕೂತು ಮಾತಾಡುತ್ತೇವೆ ಎಂದರು. ಅವರು ಅಂದು ಕೇಳಿದ್ದ ಹಾಡು ಇನ್ನೂ ಬಾಕಿ ಇದೆ. ಕೇಳಿ, ಅದೇ ಈಗ ಬರುತ್ತಿದೆ.