ಸೆರೆಸಿಕ್ಕ ಸೈನಿಕರು: ಮನೆಯ ಮಾತಿನಿಂದ ದಾಖಲೆಯವರೆಗೆ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ನೂರು ವರ್ಷ ತುಂಬಿದ ಶಾಲೆಯು ಊರಿನ ನೆನಪುಗಳನ್ನು ಒಟ್ಟುಗೂಡಿಸುವಾಗ ಊರು ಬಿಟ್ಟು ಹೋಗಿ ಮರಳಿ ಬಾರದವರನ್ನೂ ನೆನೆಯಬೇಕಾಗುತ್ತದೆ. "ಅಜ್ಜ ಮಿಲಿಟರಿಗೆ ಸೇರಿದ್ದರಂತೆ, ಸಿಂಗಾಪುರದಲ್ಲಿ ಸೆರೆಸಿಕ್ಕರಂತೆ" ಎಂಬ ಒಂದೇ ವಾಕ್ಯ ಉಳಿದಿರುವ ಮನೆಗಳಿಗಾಗಿ ಈ ಮಾತುಗಳನ್ನಾಡುತ್ತಿದ್ದೇವೆ. ಆ 'ಅಂತೆ'ಯನ್ನು ದಾಖಲೆಯ ಬಲದಿಂದ ನಿಜವೆಂದು ಕಂಡುಕೊಳ್ಳುವುದು ಹೇಗೆಂಬುದೇ ನಮ್ಮ ವಿಷಯ.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರ ವಶವಾಯಿತು. ಎರಡು ದಿನಗಳ ಬಳಿಕ ಅಲ್ಲಿನ ಫೆರರ್ ಪಾರ್ಕಿನಲ್ಲಿ ಸುಮಾರು 45,000 ಭಾರತೀಯ ಸೈನಿಕರನ್ನು ಜಪಾನೀಯರಿಗೆ ಒಪ್ಪಿಸಲಾಯಿತು. ಸೆರೆಯಾದ ಪಡೆಗಳಲ್ಲಿ ಮೈಸೂರು ಸಂಸ್ಥಾನದ ಒಂದನೆಯ ಕಾಲಾಳು ದಳವೂ ಇತ್ತು. ಸೆರೆಯಾಳುಗಳಲ್ಲಿ ಅನೇಕರು ಆಜಾದ್ ಹಿಂದ್ ಫೌಜನ್ನು ಸೇರಿದರು. ಸೇರದೆ ಉಳಿದವರಲ್ಲಿ ಸಾವಿರಾರು ಮಂದಿಯನ್ನು ನ್ಯೂಗಿನಿ ಮೊದಲಾದ ದ್ವೀಪಗಳಿಗೆ ದುಡಿಮೆಗಾಗಿ ಸಾಗಿಸಲಾಯಿತು. ಹಸಿವು, ಜ್ವರ, ಬಾಂಬ್ ದಾಳಿಗಳಿಗೆ ಅವರಲ್ಲಿ ಬಹಳಷ್ಟು ಮಂದಿ ಬಲಿಯಾದರು. ಫೌಜನ್ನು ಸೇರಿದವರೂ ಸೇರದವರೂ ನಮ್ಮವರೇ. ಯಾರು ಸರಿ ಎಂದು ತೀರ್ಪು ಕೊಡುವುದಕ್ಕಲ್ಲ, ಯಾರು ಎಲ್ಲಿ ಏನಾದರು ಎಂದು ತಿಳಿಯುವುದಕ್ಕಾಗಿ ಈ ಹುಡುಕಾಟ.

ಹುಡುಕಾಟವು ಮನೆಯ ಪೆಟ್ಟಿಗೆಯಿಂದಲೇ ಆರಂಭವಾಗಬೇಕು. ಪದಕದ ಅಂಚು, ಸೇನೆಯ ಬಿಡುಗಡೆ ಪತ್ರ, ಪಿಂಚಣಿಯ ಕಾಗದ, ಹಳೆಯ ಅಂಚೆಕಾರ್ಡು ಇವುಗಳಲ್ಲಿ ಸೈನಿಕನ ಸಂಖ್ಯೆಯೋ ದಳದ ಹೆಸರೋ ದೊರೆತರೆ ಅರ್ಧ ದಾರಿ ಸಾಗಿದಂತೆ. ಒಂದೇ ಹೆಸರಿನವರು ನೂರಾರು ಮಂದಿ ಇರುತ್ತಾರೆ; ಅವರನ್ನು ಬೇರೆಬೇರೆಯಾಗಿ ಗುರುತಿಸಲು ಸಂಖ್ಯೆ ನೆರವಾಗುತ್ತದೆ.

ನಮ್ಮ ಭಾಗದವರು ಮೂರು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು ಜಿಲ್ಲೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಕಾಸರಗೋಡು ಜಿಲ್ಲೆ ರೂಪುಗೊಂಡದ್ದು 1984ರಲ್ಲಿ. ಆದುದರಿಂದ ಯುದ್ಧಕಾಲದ ಕಡತಗಳಲ್ಲಿ ಮದ್ರಾಸ್ ಪ್ರಾಂತ್ಯದ ಸೌತ್ ಕೆನರಾ ಎಂದೇ ಹುಡುಕಬೇಕು. ಎರಡನೆಯದು ಊರಿನ ಹೆಸರು. ಪತ್ತನಂತಿಟ್ಟ ಜಿಲ್ಲೆಯಲ್ಲಿಯೂ ಅಡೂರು ಇದೆ. ಅಲ್ಲಿನವರ ದಾಖಲೆಯನ್ನು ನಮ್ಮವರದೆಂದು ಭಾವಿಸುವ ಅಪಾಯವಿದೆ. ಮೂರನೆಯದು ಸಂಬಂಧ. ಅಳಿಯಸಂತಾನದ ಕುಟುಂಬಗಳಲ್ಲಿ ಹತ್ತಿರದ ಬಂಧುವಾಗಿ ತಂದೆಯ ಬದಲು ತಾಯಿ, ಸೋದರಮಾವ ಅಥವಾ ಅಕ್ಕನ ಹೆಸರು ಇರಬಹುದು. ತಂದೆಯ ಹೆಸರು ಹೊಂದಲಿಲ್ಲವೆಂದು ಕೂಡಲೇ ಕೈಬಿಡಬಾರದು.

ಸೇವೆಯಲ್ಲಿ ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಅಂತರ್ಜಾಲದ ಮೂಲಕ ನೋಡಬಹುದು. ಸಿಂಗಾಪುರದ ಕ್ರಾಂಜಿಯ ಸ್ಮಾರಕವೊಂದರಲ್ಲೇ 24,000ಕ್ಕೂ ಮಿಕ್ಕಿದ ಹೆಸರುಗಳಿವೆ. ಬದುಕಿ ಮರಳಿದವರಿಗಾಗಿ ಆಯಾ ದಳದ ದಾಖಲೆ ಕಚೇರಿಗೆ ಬರೆಯಬೇಕು: ಮದ್ರಾಸ್ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ, ಮದ್ರಾಸ್ ಸ್ಯಾಪರ್ಸ್ ಪಡೆಯದು ಬೆಂಗಳೂರಿನಲ್ಲಿದೆ. ಮೈಸೂರು ಸಂಸ್ಥಾನದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರವನ್ನು, ಆಜಾದ್ ಹಿಂದ್ ಫೌಜಿನ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯವನ್ನು ಆಶ್ರಯಿಸಬೇಕು. ಮೊದಲ ಮಹಾಯುದ್ಧದ ಕೈದಿಗಳ ಚೀಟಿಗಳನ್ನು ಜಿನೀವಾದ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಅಂತರ್ಜಾಲದಲ್ಲಿ ತೆರೆದಿಟ್ಟಿದೆ.

ಆದರೆ ಯಾವ ಪತ್ರಾಗಾರದಲ್ಲಿಯೂ ದೊರೆಯದ ದಾಖಲೆಗಳು ನಮ್ಮ ಅಟ್ಟಗಳಲ್ಲಿರಬಹುದು. ಸೈನಿಕನು ಮನೆಗೆ ಬರೆದ, ಮನೆಯವರು ಜೋಪಾನ ಮಾಡಿದ ಕನ್ನಡ ಕಾಗದಗಳವು. ಹಳೆಯ ಮೋಡಿಯ ಕೈಬರಹವನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ; ಕನ್ನಡ ಓದು ತಪ್ಪಿದ ಮನೆಗಳಲ್ಲಿ ಆ ಕಾಗದಗಳು ಮೊಮ್ಮಕ್ಕಳಿಗೆ ಬರಿಯ ಗೀಟುಗಳಾಗಿ ಕಾಣುತ್ತವೆ. 1942ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಇಂದು ನೂರು ದಾಟುತ್ತದೆ. ಅವರ ಕಥೆಯನ್ನು ನೇರವಾಗಿ ಕೇಳಿದ ಮಕ್ಕಳೂ ವೃದ್ಧರಾಗಿದ್ದಾರೆ. ಕನ್ನಡ ಶಾಲೆ ಊರಿಗೆ ಏಕೆ ಬೇಕೆಂದು ಕೇಳುವವರಿಗೆ ಆ ಕಾಗದಗಳನ್ನು ತೋರಿಸಿದರೆ ಸಾಕು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಯ ಹಿರಿಯರೊಡನೆ ಕುಳಿತು, ಸೇನೆಗೆ ಹೋದವರ ಹೆಸರು, ಮನೆತನ, ಕೇಳಿದ ಸಂಗತಿಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಲಿ. ಮೂಲ ಕಾಗದ ಮನೆಯಲ್ಲೇ ಇರಲಿ, ಪ್ರತಿ ಶಾಲೆಗೆ ಬರಲಿ. ಕೆಲವು ಹುಡುಕಾಟಗಳು ಫಲಿಸದಿರಬಹುದು. ಆದರೂ ಶಾಲೆಯ ಪುಸ್ತಕದಲ್ಲಿ ಹೆಸರೊಂದು ದಾಖಲಾದರೆ, ಮುಂದಿನ ತಲೆಮಾರು ಹುಡುಕಾಟವನ್ನು ಆ ಹೆಸರಿನಿಂದ ಮುಂದುವರಿಸಬಹುದು.